ಹುಣಸೆಹುಳಿ ಕುಡಿದ ಹಿತ್ತಾಳೆ

ಫೋನ್ ಬಂದಾಗ ನಾನು ಮೀನು ಸಾರಿಗೆ ಹುಣಸೆಹುಳಿ ಹಿಂಡುತ್ತಿದ್ದೆ. ಕೆಳಗಿನ ಜಿಝಾನಿನ ಕಡಲಿನಿಂದ ಘಾಟಿ ಹತ್ತಿ ಅರಬರ ನಾಡಿನ ಈ ಅಭಾಕ್ಕೆ ಬರುವ ಬಂಗುಡೆ ಆ ಗುರುವಾರ ಬಹಳ ತಾಜಾ ಇತ್ತು. ಇಷ್ಟು ಎತ್ತರದ ಬೆಟ್ಟದ ಮೇಲೆ ಕೂತು ಕಣ್ಣು ಮಸುಕಾಗದ ಬಂಗುಡೆ ತಿನ್ನುವ ಭಾಗ್ಯ ಎಲ್ಲರಿಗೂ ಇರುವುದಿಲ್ಲವೆಂದು ಮನಸ್ಸಿನಲ್ಲೇ ಅಲ್ಲಾಹನಿಗೆ ಕೃತಜ್ಞತೆಯ ಒಂದು ಶುಕ್ರ್ ಹೇಳಿದ್ದೆ. ನನಗೆ ಅದೊಂದು ಅಭ್ಯಾಸ. ನಲ್ಲಿಯಲ್ಲಿ ನೀರು ಬಂದರೆ ಒಂದು ಶುಕ್ರ್, ಮಂಜು ಸರಿದು ಬಟ್ಟೆ ಒಣಗಿದರೆ ಒಂದು, ಕೋತಿಗಳು ನಮ್ಮ ತಾರಸಿ ಬಿಟ್ಟು ಪಕ್ಕದವರ ತಾರಸಿಗೆ ಹೋದರೆ ಒಂದು. ಕೊನೆಯದಕ್ಕೆ ಶುಕ್ರ್ ಹೇಳುವುದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ.

ಎರಡೂ ಕೈ ಹುಳಿಯಲ್ಲಿದ್ದುದರಿಂದ ಮೊಣಕೈಯಲ್ಲಿ ಸ್ಪೀಕರ್ ಒತ್ತಿದೆ. ನನ್ನ ಗಂಡ ಅಂಗಡಿಯಿಂದ ಮಾತಾಡುತ್ತಿದ್ದರು. ದನಿ ತಗ್ಗಿಸಿದ್ದರು.

"ನಿನ್ನೆ ಡ್ರಮ್ಮಿಗೆ ನೀನು ಎಂತಾದ್ರೂ ಹಾಕಿದ್ದುಂಟಾ?"

"ಯಾಕೆ?"

"ಚಿಪ್ಪುಗಳೆಲ್ಲ ಕೆಂಪಾಗಿವೆ ಮಾರಾಯ್ತಿ. ಹಿತ್ತಾಳೆ ಅಂತ ಹೇಳ್ಲಿಕ್ಕೇ ಇಲ್ಲ, ತಾಮ್ರದ ಹಾಗೆ ಕಾಣ್ತದೆ. ಶೇಖ್ ಇಲ್ಲೇ ಕೂತಿದ್ದಾರೆ. ಒಂದೊಂದನ್ನೇ ಎತ್ತಿ ನೋಡ್ತಿದ್ದಾರೆ."

"ನಾನೆಂತ ಹಾಕ್ಲಿಲ್ಲಪ್ಪ," ಎಂದೆ.

ಯೋಚಿಸುವ ಮೊದಲೇ ಮಾತು ಬಾಯಿಂದ ಹೊರಟುಹೋಗಿತ್ತು. ಬೆರಳುಗಳಿಂದ ಹುಳಿನೀರು ಬೋಗುಣಿಗೆ ತೊಟ್ಟಿಕ್ಕುತ್ತಿತ್ತು. ಬೆಳಗಿನ ಸುಬಹಿ ನಮಾಜು ಮುಗಿಸಿ, ಕುರ್‌ಆನಿನ ನನ್ನ ದಿನದ ಪುಟ ಓದಿ, ಅದೇ ಬಾಯಿಯಲ್ಲಿ ನಾನು ಸುಳ್ಳು ಹೇಳಿದ್ದೆ. "ಹಾಗಾದ್ರೆ ಮಿಷನಿನದ್ದೇ ಏನೋ ತೊಂದರೆ," ಎಂದು ಇವರು ಫೋನ್ ಇಟ್ಟರು. ನನ್ನನ್ನು ನಂಬಿದರು.

ಈ ಚಿಪ್ಪುಗಳ ವಿಷಯ ಹೇಳದಿದ್ದರೆ ಓದುವವರಿಗೆ ಗೊತ್ತಾಗುವುದಿಲ್ಲ. ಇವರು ಕೆಲಸ ಮಾಡುವುದು ಅಭಾದ ಹಳೇ ಪೇಟೆಯ ಒಂದು ಅಂಗಡಿಯಲ್ಲಿ. ಕತ್ತಿಯ ಒರೆ, ಕಠಾರಿಯ ಹಿಡಿ, ಚರ್ಮದ ಪಟ್ಟಿ, ಹೀಗೆ ಮದುವೆ ಮತ್ತು ಹಬ್ಬಗಳಲ್ಲಿ ಇಲ್ಲಿಯ ಗಂಡಸರು ತೊಡುವ ಸಾಮಾನುಗಳನ್ನು ಅಲ್ಲಿ ಮಾರುತ್ತಾರೆ, ಹಳೆಯದನ್ನು ರಿಪೇರಿ ಮಾಡಿಕೊಡುತ್ತಾರೆ. ಈ ಬೆಟ್ಟದ ಜನ ಮದುವೆಯಲ್ಲಿ ಸಾಲಾಗಿ ನಿಂತು ಕುಣಿಯುವಾಗ ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಕಾಡತೂಸಿನ ಪಟ್ಟಿ ಹಾಕಿಕೊಳ್ಳುತ್ತಾರೆ. ಪಟ್ಟಿಯ ಕುಣಿಕೆಗಳಲ್ಲಿ ಇರುವುದು ಬರೀ ಖಾಲಿ ಹಿತ್ತಾಳೆ ಚಿಪ್ಪುಗಳು, ಯಾವತ್ತೋ ಗುಂಡು ಹಾರಿಹೋದ ಕಾಡತೂಸುಗಳ ಕೋಶ. ಅಂಗಡಿಗೆ ಬಂದ ಪ್ರತಿಯೊಂದನ್ನೂ ಇವರು ಬೆಳಕಿಗೆ ಹಿಡಿದು ಒಳಗೆ ಏನೂ ಇಲ್ಲವೆಂದು ನೋಡಿಯೇ ಮುಟ್ಟುವುದು.

ಹಳೇ ಪಟ್ಟಿಗಳು ಬರುವಾಗ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮೊದಲು ಇವರು ಒಂದೊಂದನ್ನೇ ಬಟ್ಟೆಯಲ್ಲಿ ತಿಕ್ಕುತ್ತಿದ್ದರು. ಬೆರಳ ತುದಿ ಬಿರಿದು, ನಮಾಜಿಗೆ ಮೊದಲು ಕೈಕಾಲು ತೊಳೆದು ವುಳೂ ಮಾಡುವಾಗ ನೀರು ತಾಗಿದರೆ ಹಲ್ಲು ಕಚ್ಚುತ್ತಿದ್ದರು. ಒಂದು ಟಂಬ್ಲರ್ ತೆಗೆದುಕೊಡಿ ಎಂದು ಕಫೀಲನ ಹಿಂದೆ ಬಿದ್ದದ್ದು ಆಗಲೇ. ಟಂಬ್ಲರ್ ಎಂದರೆ ನಾವು ಕಾಫಿ ಕುಡಿಯುವುದಲ್ಲ. ತನ್ನಷ್ಟಕ್ಕೆ ತಿರುಗಿ ಒಳಗಿನ ಲೋಹವನ್ನು ತಿಕ್ಕುವ ಯಂತ್ರ.

ಅಂಗಡಿಯ ಧಣಿಯೇ ನಮ್ಮ ಕಫೀಲ್, ಈ ದೇಶದಲ್ಲಿ ನಮಗೆ ಜಾಮೀನು ನಿಂತವನು. ಅವನಿಗೆ ಯಾವುದೇ ವಸ್ತು ದೊಡ್ಡದಾಗಿರಬೇಕು. "ದೊಡ್ಡದು ತರಿಸು, ಯಲ್ಲಾ, ಇಡೀ ಅಸೀರ್ ಪ್ರಾಂತ್ಯದ ಹಿತ್ತಾಳೆ ಒಂದೇ ಸಲ ತೊಳೆಯೋಣ," ಎಂದನಂತೆ. ಇವರು ಮಾತ್ರ ಮಗಳಿಗೆ ಗಂಡು ನೋಡುವವರ ಹಾಗೆ ನೋಡಿದರು. ಊಟದ ತಟ್ಟೆಯ ಪಕ್ಕದಲ್ಲಿ ಫೋನ್ ನಿಲ್ಲಿಸಿಕೊಂಡು ಯಾರ್ಯಾರದೋ ಡ್ರಮ್ಮು ತಿರುಗುವ ವಿಡಿಯೋ ನೋಡುವುದು, ನನಗೂ ತೋರಿಸುವುದು. ಹಾಗೆ ನನಗೂ ಸ್ವಲ್ಪ ಸ್ವಲ್ಪ ಗೊತ್ತಾಯಿತು. ಒಂದು ಜಾತಿಯದು ನಡುಗುವ ಬಟ್ಟಲು. ಅದಕ್ಕೆ ಅಕ್ರೋಟಿನ ಸಿಪ್ಪೆಯ ಪುಡಿಯನ್ನೋ ಜೋಳದ ದಿಂಡಿನ ಪುಡಿಯನ್ನೋ ಹಾಕಬೇಕು. ಒಣ ಕೆಲಸ, ಆದರೆ ಧೂಳು. ಗುಂಡು ಹಾರಿದ ಚಿಪ್ಪಿನಲ್ಲಿ ಸೀಸದ ಅಂಶ ಉಳಿದಿರುತ್ತದೆ, ಆ ಧೂಳು ಉಸಿರಿನಲ್ಲಿ ಹೋಗಬಾರದು ಎಂದು ಇವರು ಬೇಡವೆಂದರು. ಇನ್ನೊಂದು ಉರುಳುವ ಡ್ರಮ್ಮು. ಅದಕ್ಕೆ ನೀರು, ಸೂಜಿಯ ತುಂಡಿನಂಥ ಸ್ಟೀಲ್ ಕಡ್ಡಿಗಳು, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ, ಒಂದು ಚಿಟಿಕೆ ನಿಂಬೆ ಉಪ್ಪು. ಮುಚ್ಚಳ ಗಟ್ಟಿ ಇದ್ದರೆ ಧೂಳಿಲ್ಲ, ಒಳಗೂ ಹೊರಗೂ ಶುದ್ಧ.

"ಡ್ರಮ್ಮಿನ ಒಳಗೆ ರಬ್ಬರ್ ಇರ್ಬೇಕು," ಎನ್ನುತ್ತಿದ್ದರು. "ಇಲ್ಲದಿದ್ರೆ ಚಿಪ್ಪಿನ ಬಾಯಿ ಜಜ್ಜಿ ಹೋಗ್ತದೆ. ಅರ್ಧಕ್ಕಿಂತ ಹೆಚ್ಚು ತುಂಬಿಸ್ಲಿಕ್ಕೂ ಇಲ್ಲ. ಉರುಳ್ಲಿಕ್ಕೆ ಜಾಗ ಬೇಡ್ವಾ?"

"ನನ್ನ ಅಡಿಗೆಮನೆಗೂ ಅಷ್ಟು ಯೋಚನೆ ಮಾಡಿದ್ರೆ ಆಗ್ತಿತ್ತು," ಎಂದು ನಾನು ಕೆಣಕುತ್ತಿದ್ದೆ.

ಕೊನೆಗೆ ರಿಯಾದಿನ ಒಲಾಯಾದ ಒಂದು ಅಂಗಡಿಯಿಂದ, ಇವರು ಹೇಳಿದ ಸಣ್ಣ ಡ್ರಮ್ಮೇ ಬಂತು. ಆದರೆ ಪೇಟೆಯಲ್ಲಿ ಅದನ್ನು ತಿರುಗಿಸಿದ ಮೊದಲ ದಿನವೇ ಪಕ್ಕದ ಅತ್ತರಿನ ಅಂಗಡಿಯವ ಕಿವಿ ಮುಚ್ಚಿಕೊಂಡು ಬಂದ. ಹಾಗಾಗಿ ಯಂತ್ರ ನಮ್ಮ ತಾರಸಿಯ ಬಟ್ಟೆ ಒಗೆಯುವ ಕೋಣೆಗೆ ಬಂತು. ಇವರು ಬೆಳಿಗ್ಗೆ ಚಿಪ್ಪು, ನೀರು, ಸೋಪು ಎಲ್ಲ ಹಾಕಿ ತಿರುಗಿಸಿ ಹೋಗುವುದು. ಹೊತ್ತಿಗೆ ಸರಿಯಾಗಿ ನಿಲ್ಲಿಸಿ, ನೀರು ಬಸಿದು, ಎರಡು ಸಲ ತೊಳೆದು ಟವೆಲ್ ಮೇಲೆ ಹರಡುವುದು ನನ್ನ ಕೆಲಸ. ಕೈಗೆ ಗ್ಲೌಸ್ ಹಾಕಬೇಕು, ಆ ಕೋಣೆಯ ಬಕೆಟ್ ಕೆಳಗೆ ಇಳಿಸಬಾರದು, ಕೈ ತೊಳೆಯದೆ ಅಡಿಗೆಮನೆಗೆ ಹೋಗಬಾರದು. ಇದೆಲ್ಲ ಇವರ ಕಾನೂನು. ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಕೆಲಸ ಇಷ್ಟವಾಗಿತ್ತು. ಟವೆಲ್ ಮೇಲೆ ಹಳದಿಯಾಗಿ ಹೊಳೆಯುವ ಚಿಪ್ಪುಗಳನ್ನು ನೋಡಿದರೆ ಈದಿನ ಹಿಂದಿನ ದಿನ ಊರಲ್ಲಿ ನಮ್ಮ ಉಮ್ಮ ತಿಕ್ಕಿ ಅಂಗಳದಲ್ಲಿ ಬೋರಲು ಹಾಕುತ್ತಿದ್ದ ಗಿಂಡಿ, ಎಲೆಯಡಿಕೆ ಉಗುಳುವ ಕೋಳಂಬಿಗಳ ನೆನಪಾಗುತ್ತಿತ್ತು. ಉಮ್ಮನ ಹಿತ್ತಾಳೆಯ ಹೊಳಪು ನಮ್ಮ ಕೇರಿಯಲ್ಲೇ ಹೆಸರಾಗಿತ್ತು. ಅವರು ಹಾಕುತ್ತಿದ್ದುದು ಹುಣಸೆಹುಳಿ, ಕಲ್ಲುಪ್ಪು, ತೆಂಗಿನ ನಾರು. ಅಷ್ಟೇ.

ಶೇಖ್ ಎಂದು ಇವರು ಕರೆದದ್ದು ಬೆಟ್ಟದ ಹಳ್ಳಿಯ ಒಬ್ಬ ವಯಸ್ಸಾದವರನ್ನು. ಅವರು ಮಂಗಳವಾರ ತಮ್ಮ ತಂದೆಯ ಪಟ್ಟಿ ತಂದಿದ್ದರು. ತಮ್ಮ ಮದುವೆಯಲ್ಲಿ ಅವರು ತೊಟ್ಟದ್ದು ಅದನ್ನೇ, ಅವರ ಮಗ ತೊಟ್ಟದ್ದೂ ಅದನ್ನೇ. ಈ ಗುರುವಾರ ರಾತ್ರಿ ಮೊಮ್ಮಗನ ಮದುವೆ. ಸಾಲು ನಿಲ್ಲುವ ಮೊದಲು ಪಟ್ಟಿಯನ್ನು ಅವನ ಹೆಗಲಿಗೆ ತಾವೇ ಹಾಕಬೇಕು. ಚಿಪ್ಪುಗಳಿಗೆ ಕಿಲುಬು ಹಿಡಿದು ಮದುಮಗನ ಬಿಳಿ ಅಂಗಿಗೆ ಹಸಿರು ಕಲೆಯಾಗುತ್ತದೆ, ಸ್ವಲ್ಪ ಶುದ್ಧ ಮಾಡಿಕೊಡಿ ಎಂದಿದ್ದರು. ಇವರು ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಆ ಪೊಟ್ಟಣವನ್ನು ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಿದ್ದರು.

ಬುಧವಾರ ಮಧ್ಯಾಹ್ನ ನಾನು ಮುಚ್ಚಳ ತೆರೆದು ನೋಡಿದೆ. ನಡುವೆ ತೆರೆಯಲಿಕ್ಕೆ ಇವರು ಹೇಳಿರಲಿಲ್ಲ. ಕಿಲುಬು ಹೋಗಿತ್ತು, ಆದರೆ ಹಿತ್ತಾಳೆ ಮಂಕಾಗಿಯೇ ಇತ್ತು, ಹಳೇ ಬೆಲ್ಲದ ಬಣ್ಣ. ಮದುವೆಯ ಸಾಮಾನು ಹೀಗಾ ಕೊಡುವುದು ಎನಿಸಿತು. ಒಂದು ಚಿಟಿಕೆ ನಿಂಬೆ ಉಪ್ಪೂ ಹುಳಿಯೇ ಅಲ್ಲವಾ, ಉಮ್ಮನ ಹುಣಸೆಹುಳಿಯೂ ಹುಳಿಯೇ ಅಲ್ಲವಾ? ಕೆಳಗಿಳಿದು ಬಂದು ದೊಡ್ಡ ಉಂಡೆ ಹುಳಿಯನ್ನು ದಪ್ಪಗೆ ಕಿವುಚಿ, ಒಂದು ಹಿಡಿ ಉಪ್ಪು ಬೆರೆಸಿ, ಎಲ್ಲವನ್ನೂ ಡ್ರಮ್ಮಿಗೆ ಸುರಿದೆ. ನಾಳೆ ಇವರು ಬೆರಗಾಗಬೇಕು, ಕಫೀಲ್ "ಮಾಷಾ ಅಲ್ಲಾಹ್" ಹೇಳಬೇಕು, ಆಮೇಲೆ ನಿಧಾನಕ್ಕೆ ನಾನು ಗುಟ್ಟು ಹೇಳಬೇಕು. ಅಷ್ಟೆಲ್ಲ ನನ್ನ ತಲೆಯಲ್ಲಿ ತಯಾರಾಗಿತ್ತು.

ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಯಂತ್ರ ನಿಲ್ಲಿಸಿದೆ. ಉಮ್ಮ ಪಾತ್ರೆಗಳಿಗೆ ಹುಳಿ ಹಚ್ಚಿ ನೆನೆಯಲು ಬಿಡುತ್ತಿದ್ದರು, ಹಾಗೆ ಇದೂ ನೆನೆಯಲಿ ಎಂದು ನೀರು ಬಸಿಯಲಿಲ್ಲ. ಉಮ್ಮ ಬಿಡುತ್ತಿದ್ದುದು ಒಂದು ಬೀಡ ಜಗಿಯುವಷ್ಟು ಹೊತ್ತು ಮಾತ್ರ ಎಂಬುದು ನೆನಪಾಗಲಿಲ್ಲ. ಆಮೇಲೆ ಊರಿನಿಂದ ತಂಗಿಯ ಫೋನ್ ಬಂತು, ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂಟು ಹುಡುಕಬೇಕಾಯಿತು, ನನಗೆ ಮರೆತೇ ಹೋಯಿತು. ಚಿಪ್ಪುಗಳು ಇಡೀ ರಾತ್ರಿ ಹುಳಿಯಲ್ಲಿ ಕೂತವು. ಗುರುವಾರ ಮದುವೆಗಳ ದಿನವಾದ್ದರಿಂದ ಇವರು ಬೆಳಕು ಹರಿಯುವ ಮೊದಲೇ ಅಂಗಡಿಗೆ ಹೊರಟರು. ಸೋಪುನೀರನ್ನು ನಾನು ಸಂಜೆಯೇ ಬಸಿದಿರಬೇಕು, ಡ್ರಮ್ಮಿನಲ್ಲಿರುವುದು ತೊಳೆದ ನೀರೇ ಇರಬೇಕು ಎಂದುಕೊಂಡು ಇವರು ಅದನ್ನು ಚೆಲ್ಲಿ, ಆ ಮಬ್ಬಿನಲ್ಲೇ ಚಿಪ್ಪುಗಳನ್ನು ಟವೆಲಿಗೆ ಸುರಿದು ಗಂಟು ಕಟ್ಟಿಕೊಂಡು ಹೋದರು. ಗಂಟು ಬಿಚ್ಚಿದ್ದು ಶೇಖ್ ಅವರ ಎದುರು.

ಫೋನ್ ಇಟ್ಟ ಮೇಲೆ ನಾನು ಸ್ವಲ್ಪ ಹೊತ್ತು ಹುಳಿ ಹಿಂಡುತ್ತಲೇ ಇದ್ದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಮಿಷನಿಗೆ ಬಾಯಿಲ್ಲ, ಬೈದರೆ ಅದಕ್ಕೆ ನೋವಾಗುವುದಿಲ್ಲ ಎಂದು ಒಂದು ಮನಸ್ಸು ಹೇಳುತ್ತಿತ್ತು. ಆದರೆ ಮಿಷನನ್ನು ಆರಿಸಿದವರು ಇವರು. ಮಿಷನ್ ಕೆಟ್ಟದ್ದೆಂದರೆ ಇವರ ಆಯ್ಕೆ ಕೆಟ್ಟದ್ದು. ಅದಕ್ಕಿಂತ ಹೆಚ್ಚಾಗಿ, ಏನು ಹಾಕಿದೆವೆಂದು ಗೊತ್ತಿಲ್ಲದೆ ಅದನ್ನು ಸರಿಮಾಡುವುದಾದರೂ ಹೇಗೆ? ರಾತ್ರಿ ಮದುವೆ. ನನ್ನ ಒಂದು ಸುಳ್ಳು ಗಂಟೆಗಳನ್ನು ತಿನ್ನುತ್ತಿತ್ತು. ಬೋಗುಣಿಯ ಮೇಲೆ ತಟ್ಟೆ ಮುಚ್ಚಿ, ಮೀನನ್ನು ಫ್ರಿಜ್ಜಿಗೆ ತಳ್ಳಿ, ಅಬಾಯಾ ಹಾಕಿಕೊಂಡು ಹೊರಟೆ. ಫೋನಿನಲ್ಲೇ ಹೇಳಿದ್ದರೆ ಆಗುತ್ತಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಸುಳ್ಳು ಹೇಳಿದ ಫೋನನ್ನು ಮತ್ತೆ ಮುಟ್ಟಲು ಮನಸ್ಸು ಬರುತ್ತಿರಲಿಲ್ಲ.

ಪೇಟೆಗೆ ನಡೆದು ಹೋಗುವಷ್ಟು ದೂರ. ಅಂಗಡಿಯ ಬಾಗಿಲಿಗೆ ಬಂದಾಗ ಕಫೀಲನ ಕೂಗು ಹೊರಗೆ ಕೇಳುತ್ತಿತ್ತು. ಫೋನನ್ನು ಮೇಜಿನ ಮೇಲಿಟ್ಟು ಒಲಾಯಾದ ಅಂಗಡಿಯವನನ್ನು ಜಾಡಿಸುತ್ತಿದ್ದ.

"ನೀನು ನನಗೆ ಯಂತ್ರ ಮಾರಿದೆಯೋ, ಬಣ್ಣದ ಡಬ್ಬ ಮಾರಿದೆಯೋ? ಹಳದಿ ಹಾಕಿದರೆ ಕೆಂಪು ಬರುತ್ತದೆ!"

"ವಲ್ಲಾಹಿ, ಯಂತ್ರಕ್ಕೆ ತಿರುಗುವುದು ಬಿಟ್ಟು ಬೇರೇನೂ ಗೊತ್ತಿಲ್ಲ," ಎಂದು ಆ ಕಡೆಯವ ಅಳುವ ದನಿಯಲ್ಲಿ ಹೇಳುತ್ತಿದ್ದ. "ನೀವು ಆಸಿಡ್ ಹಾಕಿದ್ದೀರಿ. ಹುಳಿ ಅತಿಯಾದರೆ ಹಿತ್ತಾಳೆಯ ಸತು ಕರಗಿ ಹೋಗುತ್ತದೆ, ಮೇಲೆ ತಾಮ್ರ ಉಳಿಯುತ್ತದೆ. ಹಾಕಿದವರನ್ನು ಕೇಳಿ."

"ಕೇಳಿದೆ. ಸೋಪು, ಒಂದು ಚಿಟಿಕೆ ನಿಂಬೆ ಉಪ್ಪು, ಅಷ್ಟೇ ಎನ್ನುತ್ತಿದ್ದಾನೆ."

ಇವರು ಗೋಡೆಗೆ ಒರಗಿ ನಿಂತಿದ್ದರು. ಶೇಖ್ ಒಂದು ಸಣ್ಣ ಸ್ಟೂಲಿನ ಮೇಲೆ ಕೂತು ಮಡಿಲಲ್ಲಿ ಖಾಲಿ ಪಟ್ಟಿ ಇಟ್ಟುಕೊಂಡಿದ್ದರು. ಎದುರಿಗೆ ಟವೆಲ್ ಮೇಲೆ ಚಿಪ್ಪುಗಳು. ಇವರು ಹೇಳಿದ್ದು ಕಡಿಮೆಯೇ. ಅವು ಸುಟ್ಟು ಸಿಪ್ಪೆ ಸುಲಿದ ಚರ್ಮದ ಹಾಗೆ ಕೆಂಪಾಗಿದ್ದವು. ನನ್ನನ್ನು ನೋಡಿದ್ದೇ ಇವರ ಮುಖ ಬದಲಾಯಿತು. ನಾನು ಬಾಯಿ ಬಿಡುವ ಮೊದಲೇ ಇವರಿಗೆ ಗೊತ್ತಾಯಿತೆಂದು ನನಗನಿಸಿತು.

"ನಾನು," ಎಂದೆ. ನನ್ನ ಹರಕು ಅರಬಿಯಲ್ಲಿ, ಒಲಾಯಾದವನಿಗೂ ಕೇಳುವ ಹಾಗೆ. "ತಮರ್ ಹಿಂದಿ ಹಾಕಿದ್ದು ನಾನು. ತುಂಬ. ರಾತ್ರಿಯಿಡೀ. ಯಂತ್ರದ್ದಲ್ಲ, ಇವರದ್ದೂ ಅಲ್ಲ."

ಹುಣಸೆಗೆ ಇಲ್ಲಿಯವರ ಹೆಸರು ಅದು. ರಮಳಾನಿನಲ್ಲಿ ಉಪವಾಸ ಬಿಡುವಾಗ ಅದರ ಪಾನಕ ಮಾಡಿ ಕುಡಿಯುತ್ತಾರೆ. ಫೋನಿನೊಳಗಿನಿಂದ ಒಂದು ನಗು ಸಿಡಿಯಿತು. "ಹಿತ್ತಾಳೆಗೂ ಇಫ್ತಾರ್ ಮಾಡಿಸಿದಿರಾ?" ಎಂದ ಅವನು. ಯಾರೂ ನಗದಿದ್ದುದರಿಂದ ತಕ್ಷಣ ಸುಮ್ಮನಾದ.

ಕಫೀಲ್ ಇವರ ಕಡೆ ತಿರುಗಿ ಬಾಯಿ ತೆರೆದ. ಶೇಖ್ ಕೈ ಎತ್ತಿದರು. ಅವನು ಅಲ್ಲಿಗೇ ನಿಲ್ಲಿಸಿದ.

"ಯಾಕೆ?" ಎಂದು ಶೇಖ್ ನನ್ನನ್ನು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವರಿಗೆ.

"ಹೆಚ್ಚು ಹೊಳೆಯಲಿ ಅಂತ. ನಮ್ಮಲ್ಲಿ ಹಬ್ಬಕ್ಕೆ ಹಾಗೆ ತಿಕ್ಕುತ್ತೇವೆ."

"ಹೊಳಪು ನಾನು ಕೇಳಲಿಲ್ಲ ಮಗಳೇ. ಹಸಿರು ಹೋಗಲಿ ಎಂದೆ, ಅಷ್ಟೇ."

ಅಷ್ಟು ಹೇಳಿ ಅವರು ಒಂದು ಚಿಪ್ಪನ್ನೆತ್ತಿ ಕುಣಿಕೆಯೊಳಗೆ ಸಿಕ್ಕಿಸಿ ನೋಡಿದರು, ಹೊರಗೆ ತೆಗೆದರು. ಮತ್ತೆ ಇನ್ನೊಂದು. ಯಾವುದಾದರೂ ಒಂದು ಹಳೆಯ ಹಾಗೆ ಇರಬಹುದೋ ಎಂದು ಹುಡುಕುವವರಂತೆ. ನನಗೆ ಯಾರಾದರೂ ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಕ್ಕೆ ತಲೆ ತಗ್ಗಿಸಬಹುದು. ಅವರ ಬೆರಳುಗಳು ಹುಡುಕುವುದನ್ನು ನೋಡುತ್ತ ಎಲ್ಲಿಗೆ ಕಣ್ಣು ತಿರುಗಿಸಬೇಕೋ ಗೊತ್ತಾಗಲಿಲ್ಲ. ಅವರು ಕೇಳದ ಹೊಳಪನ್ನು, ಅವರ ತಂದೆಯ ಸಾಮಾನಿನ ಮೇಲೆ, ನನ್ನ ಹೆಸರಿಗಾಗಿ ತರಲು ಹೋಗಿದ್ದೆ.

ಇವರು ಫೋನಿನ ಕಡೆ ಬಗ್ಗಿ ಕೇಳಿದರು, "ಈಗ ಏನು ಮಾಡಬಹುದು?"

"ಕೆಂಪು ಮೇಲಿನ ಪದರ ಮಾತ್ರ," ಎಂದ ಒಲಾಯಾದವನು. ನಗು ಹೋಗಿ ಅವನ ದನಿ ಮೆತ್ತಗಾಗಿತ್ತು. "ಒಣ ಪುಡಿಯಲ್ಲಿ ಉರುಳಿಸಿ. ಅಕ್ರೋಟಿನ ಪುಡಿ ಇದೆಯಾ?"

"ಇಲ್ಲ. ಇಲ್ಲಿ ಸಿಗುವುದೂ ಇಲ್ಲ."

"ಹಾಗಾದರೆ ಅಕ್ಕಿ. ಬಾಸ್ಮತಿ ಬೇಡ, ಅದು ಮುರಿದು ಹಿಟ್ಟಾಗುತ್ತದೆ. ಗಟ್ಟಿ ಅಕ್ಕಿ ಇದ್ದರೆ ಒಂದು ಚಮಚ ಪಾಲಿಶ್ ಬೆರೆಸಿ ಹಾಕಿ. ಪೂರ್ತಿ ಹೋಗುತ್ತದೆಂದು ಹೇಳಲಾರೆ."

ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ. ನಮ್ಮ ಮನೆಯಲ್ಲಿ ಊರಿನ ಕುಚ್ಚಲಕ್ಕಿ ಇತ್ತು. ಈಚೆಗೆ ಊರಿಗೆ ಹೋಗಿ ಬಂದವರ ಪೆಟ್ಟಿಗೆಯಲ್ಲಿ ಉಮ್ಮ ಕಳಿಸಿದ್ದು. ಕಣ್ಣು ಮಂಜಾದರೂ ಕಲ್ಲು ಆರಿಸಿ, ಬಟ್ಟೆಯ ಚೀಲದಲ್ಲಿ ಹೊಲಿದು ಕೊಟ್ಟದ್ದು. ಜ್ವರ ಬಂದಾಗ ಗಂಜಿಗೆ, ನೋಂಬಿನಲ್ಲಿ ಬೆಳಗಾಗುವ ಮೊದಲು ಉಣ್ಣುವ ಅತ್ತಾಳಕ್ಕೆ ಎಂದು ನಾನು ಹಿಡಿ ಹಿಡಿಯಾಗಿ ಬಳಸುತ್ತಿದ್ದೆ.

"ಉಂಟು," ಎಂದೆ.

ಅಸರ್ ಕಳೆದು ಮನೆಗೇ ಬರುತ್ತೇನೆ ಎಂದು ಶೇಖ್ ಎದ್ದರು. ಚಿಪ್ಪಿನ ಗಂಟನ್ನು ಹಿಂದಿನ ಸೀಟಿನಲ್ಲಿಟ್ಟು ಇವರು ಕಾರು ಹೊರಡಿಸಿದರು. ಸಿಗ್ನಲಿನಲ್ಲಿ ನಿಂತಾಗ ಹೇಳಿದರು.

"ಫೋನಲ್ಲೇ ಹೇಳ್ಬಹುದಿತ್ತು ನೀನು."

"ಹೌದು."

"ನಾನು ಅವರೆದುರು ಹೇಳಿದ್ದೆ, ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ ಅಂತ."

ಕಾರಿನ ಗಾಜಿಗೆ ಮಂಜು ಬಂದು ತಾಗುತ್ತಿತ್ತು, ಇವರು ವೈಪರ್ ಹಾಕಿದರು.

ಡ್ರಮ್ಮನ್ನು ಒರೆಸಿ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ನಾನೇ ಚೀಲದ ಹೊಲಿಗೆ ಬಿಚ್ಚಿ ಅಕ್ಕಿ ಸುರಿದೆ. ಕೆಂಪು ಗೆರೆಯ ಅಕ್ಕಿ, ಕೆಂಪು ಚಿಪ್ಪು. ಇವರು ಪಾಲಿಶ್ ಹಾಕಿ ಮುಚ್ಚಳ ಬಿಗಿದರು. ನೀರಿನಲ್ಲಿ ಉರುಳುವಾಗ ಅದರ ಸದ್ದು ದೂರದ ಮಳೆಯ ಹಾಗಿರುತ್ತದೆ. ಅಕ್ಕಿಯಲ್ಲಿ ಮಾತ್ರ ಮೊರದಲ್ಲಿ ಕೇರಿದ ಸದ್ದು. ಉಮ್ಮ ಕೇರುವ ಸದ್ದು. ಇನ್ನು ಆ ಅಕ್ಕಿಯನ್ನು ತಿನ್ನುವ ಹಾಗಿಲ್ಲ, ಪಾರಿವಾಳಕ್ಕೆ ಹಾಕುವ ಹಾಗೂ ಇಲ್ಲ. ಸೀಸ ಸೇರಿದ ಅಕ್ಕಿ. ಊಟಕ್ಕೆ ಹಾಸುವ ಸುಪ್ರಾದ ಮೇಲೆ ಬಿದ್ದ ಒಂದು ಅಗುಳನ್ನೂ ಬೆರಳಲ್ಲಿ ಒತ್ತಿ ತಿನ್ನಲು ಮಗಳಿಗೆ ಕಲಿಸಿದವಳು ನಾನು. ನಾಳೆ ಅಲ್ಲಾಹ್ ಈ ಅನ್ನದ ಲೆಕ್ಕ ಕೇಳಿದರೆ ಹೊಳಪಿಗಾಗಿ ಎಂದು ಹೇಳಲೇ?

ಮಧ್ಯಾಹ್ನದ ಝುಹರ್ ನಮಾಜಿನ ನಂತರ ಬೆರಳ ಗಂಟುಗಳ ಮೇಲೆ ಎಂದಿನ ಹಾಗೆ ಶುಕ್ರ್ ಎಣಿಸಲು ಕೂತೆ. ಕರೆಂಟ್ ಹೋಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಒಲಾಯಾದವನು ಸಿಟ್ಟು ಮಾಡದೆ ಉಪಾಯ ಹೇಳಿದ, ಅಲ್‌ಹಮ್ದುಲಿಲ್ಲಾಹ್. ಮನೆಯಲ್ಲಿ ಅಕ್ಕಿ ಇತ್ತು. ಅಲ್ಲಿಗೆ ಬೆರಳು ನಿಂತಿತು. ಇಷ್ಟು ದಿನ ನಾನು ಎಣಿಸಿದ್ದೆಲ್ಲ ನನಗೆ ಬಂದದ್ದನ್ನು ಮಾತ್ರ. ನನ್ನಿಂದಾಗಿ ಬೇರೆಯವರಿಂದ ಹೋದದ್ದನ್ನು ಯಾವ ಬೆರಳಿನ ಮೇಲೂ ಇಟ್ಟಿರಲಿಲ್ಲ. ನಮಾಜಿನ ಚಾಪೆಯ ಮೇಲೆ ಹಾಗೇ ಕೈ ಕಟ್ಟಿಕೊಂಡು ಕೂತೆ. ಮೇಲೆ ಡ್ರಮ್ಮು ಉರುಳುತ್ತಿತ್ತು.

ಅಸರ್ ಬಾಂಗಾದ ಮೇಲೆ ಇವರು ಮುಚ್ಚಳ ತೆರೆದರು. ಜರಡಿಯಲ್ಲಿ ಅಕ್ಕಿ ಬೇರೆ, ಚಿಪ್ಪು ಬೇರೆ ಮಾಡಿದೆವು. ಕೆಲವು ಚಿಪ್ಪುಗಳ ಬಾಯಲ್ಲಿ ಅಕ್ಕಿ ಸಿಕ್ಕಿಕೊಂಡಿತ್ತು. ಕಡ್ಡಿಯಿಂದ ಒಂದೊಂದನ್ನೇ ಬಿಡಿಸಿದೆ. ಹೆಚ್ಚಿನವು ಮತ್ತೆ ಹಳದಿಗೆ ತಿರುಗಿದ್ದವು. ಮೊದಲಿನ ಹಳದಿಯಲ್ಲ, ಸ್ವಲ್ಪ ಪೇಲವ. ಕೆಲವು ಮಾತ್ರ ಎಷ್ಟು ಉರುಳಿದರೂ ಬಿಡದೆ, ಬುಡದಲ್ಲಿ ಕತ್ತಿನಲ್ಲಿ ಕೆಂಪನ್ನು ಉಳಿಸಿಕೊಂಡಿದ್ದವು. ಇವರು ಅವನ್ನು ಬೇರೆ ಇಟ್ಟರು.

ಶೇಖ್ ಬಂದಾಗ ಮದುವೆಗೆ ಹೊರಟ ವೇಷದಲ್ಲೇ ಇದ್ದರು. ತಲೆಯ ಬಟ್ಟೆಗೆ ಕಾಮಕಸ್ತೂರಿಯ ಹಸಿರು ಸಿಕ್ಕಿಸಿಕೊಂಡಿದ್ದರು. ಅದರ ಘಮ ಮೆಟ್ಟಿಲ ತುಂಬ. ಇವರು ಅವರನ್ನು ತಾರಸಿಗೆ ಕರೆದೊಯ್ದು ಕುರ್ಚಿ ಹಾಕಿದರು. ನಾನು ಕಾಫಿ, ಖರ್ಜೂರ ಇಟ್ಟು ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತೆ. ಅವರು ಕಾಫಿ ಮುಟ್ಟುವ ಮೊದಲೇ ಪಟ್ಟಿಯನ್ನು ತೊಡೆಯ ಮೇಲೆ ಹಾಸಿ ಕುಣಿಕೆಗಳಿಗೆ ಚಿಪ್ಪು ತುಂಬಿಸತೊಡಗಿದರು. ಹಳದಿಯವೆಲ್ಲ ಮುಗಿದವು. ಕೊನೆಯ ಕುಣಿಕೆಗಳು, ಎದೆಯ ಮೇಲೆ ಬರುವಂಥವು, ಖಾಲಿ ಉಳಿದವು.

"ಅಂಗಡಿಯಲ್ಲಿ ಬೇರೆ ಚಿಪ್ಪುಗಳಿವೆ, ಹಳೆಯವೇ. ಹಾಕಿಕೊಡ್ತೇನೆ, ಯಾ ಶೇಖ್," ಎಂದರು ಇವರು.

"ಬೇರೆ ಯಾರದ್ದೋ ಯಾಕೆ? ನನ್ನ ತಂದೆಯದ್ದು ಇವೆಯಲ್ಲ," ಎಂದು ಅವರು ಕೆಂಪಿನವನ್ನು ಕೈಗೆ ತೆಗೆದುಕೊಂಡರು. ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅವರು ಸಣ್ಣಗೆ ಕೆಮ್ಮಿದ ಹಾಗಾಯಿತು, ಅದು ನಗುವೆಂದು ನನಗೆ ಮೊದಲು ತಿಳಿಯಲಿಲ್ಲ.

"ನನ್ನ ತಂದೆ ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದರು. ಹಬ್ಬದ ದಿನ ಇದೇ ಬಣ್ಣ ಇರುತ್ತಿತ್ತು. ಮೊಮ್ಮಗ ಅವರನ್ನು ನೋಡಿಲ್ಲ. ಕೇಳಿದರೆ ಹೇಳುತ್ತೇನೆ, ಇದು ನಿನ್ನ ಮುತ್ತಜ್ಜನ ಗಡ್ಡ ಎಂದು."

ಇವರು ನಕ್ಕರು. ನಗುವಾಗ ಇವರ ಕಣ್ಣು ನನ್ನ ಕಡೆ ಬರಲಿಲ್ಲ. ಶೇಖ್ ಕೆಂಪಿನವನ್ನು ಒಂದೊಂದಾಗಿ ಎದೆಯ ಭಾಗದ ಕುಣಿಕೆಗಳಲ್ಲಿ ಸಿಕ್ಕಿಸಿದರು. ಎದ್ದು ನಿಂತು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನೋಡಿದರು. ಭಾರ ಸರಿಯಾಗಿ ಕೂತಿದೆಯೋ ಎಂದು ಬಲಗಾಲನ್ನು ಎರಡು ಸಲ ನೆಲಕ್ಕೆ ಅಪ್ಪಳಿಸಿದರು. ಯಾವ ಚಿಪ್ಪೂ ಬೀಳಲಿಲ್ಲ. ದೂರದಿಂದ ನೋಡುವವರಿಗೆ ಗೊತ್ತಾಗಲಾರದು. ನನಗೆ ಮಾತ್ರ ಆ ಕೆಂಪು ಸಾಲು ಬಿಟ್ಟರೆ ಬೇರೇನೂ ಕಾಣಿಸಲಿಲ್ಲ.

ಹೊರಡುವಾಗ ಅವರು ಬಾಗಿಲ ಬಳಿ ನಿಂತು, ನನ್ನ ಮುಖ ನೋಡದೆ, ಮೆಟ್ಟಿಲ ಕಡೆ ನೋಡುತ್ತ ಹೇಳಿದರು: "ಮುಂದಿನ ಸಲ ಕೇಳು, ಮಗಳೇ."

"ಕೇಳ್ತೇನೆ," ಎಂದೆ. ಕ್ಷಮಿಸಿ ಎನ್ನುವ ಅರಬಿ ಮಾತು ನನಗೆ ಬರುತ್ತದೆ, ದಿನಕ್ಕೆ ಹತ್ತು ಕಡೆ ಹೇಳುತ್ತೇನೆ. ಆ ಹೊತ್ತಿನಲ್ಲಿ ಬರಲಿಲ್ಲ. ಅವರು ಕೆಳಗಿಳಿಯುವಾಗ ಚಿಪ್ಪುಗಳು ಒಂದಕ್ಕೊಂದು ಸಣ್ಣಗೆ ತಾಗುವ ಸದ್ದು ಬೀದಿಯ ತನಕ ಕೇಳಿಸಿತು.

ಅವರು ನನಗೆ ಕೊಟ್ಟದ್ದು ದಯೆ ಎಂದು ಗೊತ್ತಿದೆ. ಬೇರೆ ದಿನವಾಗಿದ್ದರೆ ಅದಕ್ಕೂ ಒಂದು ಶುಕ್ರ್ ಹೇಳಿ ಹಗುರಾಗುತ್ತಿದ್ದೆ. ಆದರೆ ಅವರು ಅದನ್ನು ತಮ್ಮ ತಂದೆಯ ಗಡ್ಡದ ನೆನಪಿನಿಂದ ತೆಗೆದುಕೊಟ್ಟಿದ್ದರು. ಹಗುರಾಗಲು ನಾಚಿಕೆಯಾಯಿತು.

ಅಕ್ಕಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿದೆ, ಕೋತಿಗಳು ಹರಿದು ತಿನ್ನದಿರಲಿ ಎಂದು ಮೇಲೊಂದು ಗಂಟು ಹಾಕಿದೆ. ಇವರು ಅದನ್ನು ತೆಗೆದುಕೊಂಡು ಹೋಗಿ, ಮುಚ್ಚಳ ಬೀಳುವ ದೊಡ್ಡ ತೊಟ್ಟಿಗೆ ಹಾಕಿ ಬಂದರು. ಉಮ್ಮನ ಖಾಲಿ ಚೀಲವನ್ನು ನಾನು ಮಡಚಿ ಕಪಾಟಿನಲ್ಲಿಟ್ಟೆ. ಅದರ ಅಂಚಿನಲ್ಲಿ ಹೊಲಿಗೆಯ ನೂಲು ಇನ್ನೂ ನೇತಾಡುತ್ತಿತ್ತು. ಇವರು ಸೋಪು ಹಚ್ಚಿ ಮೊಣಕೈ ತನಕ ಕೈ ತೊಳೆದುಕೊಂಡು, ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತರು.

"ಬಂಗುಡೆ ಎಂತ ಮಾಡಿದೆ? ಹಾಳಾಯ್ತಾ?"

"ಇಲ್ಲ. ಫ್ರಿಜ್ಜಲ್ಲುಂಟು."

"ಸಾರು ಮಾಡು ಹಾಗಾದ್ರೆ. ಹಸಿವಾಗ್ತದೆ."

ನಾನೂ ಕೈ ತೊಳೆದೆ, ಮತ್ತೊಮ್ಮೆ ತೊಳೆದೆ. ಬೋಗುಣಿಯ ತಟ್ಟೆ ತೆಗೆದರೆ ಬೆಳಗ್ಗಿನ ಹುಳಿ ಅಂಚಿನಲ್ಲಿ ಒಣಗಿ ಕಂದು ಗೆರೆಯಾಗಿತ್ತು. ಸ್ವಲ್ಪ ಬಿಸಿನೀರು ಹಾಕಿ, ಬಿಟ್ಟಲ್ಲಿಂದ ಮತ್ತೆ ಹಿಂಡತೊಡಗಿದೆ.